ಕಾಲು ಕಾಯುವ ಕಬ್ಬಿಣ

ಹೊಸ ಮೋಟಾರು ಸೈಕಲ್ಲು ಮನೆಗೆ ಬಂದ ದಿನ ನಡೆಯತಕ್ಕ ವಿಧಿಗಳು ನಮ್ಮಲ್ಲಿ ಈಗ ಹೆಚ್ಚುಕಡಿಮೆ ಗೊತ್ತುಪಟ್ಟಿವೆ. ಚಕ್ರದಡಿಗೆ ನಿಂಬೆಹಣ್ಣು, ಹ್ಯಾಂಡಲಿಗೆ ಸೇವಂತಿಗೆಯ ಹಾರ, ಟ್ಯಾಂಕಿನ ಮೇಲೆ ಕುಂಕುಮದ ಬೊಟ್ಟು, ಓಣಿಯ ಮಕ್ಕಳಿಗೆ ಪೇಡೆ. ಇವೆಲ್ಲ ಮುಗಿದ ಮೇಲೆ ಯಾವ ಪುರೋಹಿತರೂ ಹೇಳಿಕೊಡದ ಇನ್ನೊಂದು ವಿಧಿ ಉಂಟು. ಗಾಡಿಯನ್ನು ಬಿಡಿಭಾಗದ ಅಂಗಡಿಗೆ ಒಯ್ದು ಅದಕ್ಕೊಂದು ಲೆಗ್ ಗಾರ್ಡ್ ಕಟ್ಟಿಸುವುದು. ಅದಾಗದ ಹೊರತು ಗಾಡಿ ಪೂರ್ತಿಯಾಯಿತೆಂದು ಮನೆಯ ಹಿರಿಯರಿಗೆ ಅನ್ನಿಸುವುದೇ ಇಲ್ಲ.

ಕಳೆದ ತಿಂಗಳು ನಮ್ಮ ಪಕ್ಕದ ಮನೆಯ ಹುಡುಗ ಹೊಸ ಬುಲೆಟ್ ತಂದ. ಅವನ ತಾಯಿ ನಮ್ಮ ಬಾಗಿಲಿಗೆ ಬಂದು, "ನೀವೂ ಒಂದು ಗಳಿಗೆ ಜೊತೆಗೆ ಹೋಗಿಬನ್ನಿ ಮೇಷ್ಟ್ರೇ. ಗಟ್ಟಿಯಾದದ್ದೇ ಹಾಕಿಸಿ. ಗಾಡಿ ಹಾಳಾದರೆ ಆಗಲಿ, ಇವನ ಕಾಲು ನೆಟ್ಟಗಿರಲಿ" ಎಂದರು. ಆಗಲಿ ಎಂದೆ. ಹಾಗೆನ್ನುವಾಗ ಗಂಟಲು ಸ್ವಲ್ಪ ಹಿಡಿಯಿತು. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

ಈ ವಸ್ತುವನ್ನು ನೋಡದವರು ಪೇಟೆಯಲ್ಲಿ ಯಾರೂ ಇರಲಾರರು. ಎಂಜಿನ್ನಿನ ಮುಂದೆ, ಎಡಕ್ಕೂ ಬಲಕ್ಕೂ ಕಿವಿಯಂತೆ ಚಾಚಿಕೊಂಡ ಉಕ್ಕಿನ ಕೊಳವೆ. ಕೆಲವರು ಕ್ರ್ಯಾಶ್ ಗಾರ್ಡ್ ಎನ್ನುತ್ತಾರೆ, ಕೆಲವರು ಬರಿದೇ ಗಾರ್ಡ್ ಎನ್ನುತ್ತಾರೆ. ಕನ್ನಡದಲ್ಲಿ 'ಕಾಲುಗಾಪು' ಎಂದು ಕರೆಯೋಣವೆಂದು ನನಗೆ ಆಸೆ. ಆದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗೆ ಹೋಗಿ ಕಾಲುಗಾಪು ಕೊಡಿ ಎಂದರೆ ಕಾಲುಚೀಲದ ಅಂಗಡಿಗೆ ದಾರಿ ತೋರಿಸಿಯಾರು. ಹೆಸರಿನ ವಿಚಾರ ಇಲ್ಲಿ ತಮಾಷೆಗೆ ಎತ್ತಿದ್ದಲ್ಲ. ಈ ಕೊಳವೆಯ ಚರಿತ್ರೆಯೆಲ್ಲ ಒಂದು ರೀತಿಯಲ್ಲಿ ಅದರ ಹೆಸರಿನ ಚರಿತ್ರೆಯೇ. ಅದು ಕಾಯುವುದು ಯಾರನ್ನು, ಸವಾರನನ್ನೋ ಗಾಡಿಯನ್ನೋ ಎಂಬ ಪ್ರಶ್ನೆ ಸುಮಾರು ನೂರು ವರ್ಷಗಳಿಂದ ಅದರ ಬೆನ್ನು ಹತ್ತಿದೆ.

ಮೋಟಾರು ಸೈಕಲ್ಲು ಬೀಳುವ ಗಾಡಿ ಎಂಬುದು ಅದನ್ನು ಹುಟ್ಟಿಸಿದವರಿಗೆ ಮೊದಲ ದಿನವೇ ತಿಳಿದಿತ್ತು. 1885ರಲ್ಲಿ ಜರ್ಮನಿಯ ಕಾನ್‌ಸ್ಟಾಟ್ ಊರಿನಲ್ಲಿ ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೈಬಾಖ್ ಸೇರಿ ಮರದ ಚೌಕಟ್ಟಿಗೆ ಪೆಟ್ರೋಲ್ ಎಂಜಿನ್ನು ಕೂಡಿಸಿ ಒಂದು ಸವಾರಿ ಗಾಡಿಯನ್ನು ಮಾಡಿದರು. ಅದಕ್ಕೆ ಎರಡು ದೊಡ್ಡ ಚಕ್ರಗಳಲ್ಲದೆ ಎಡಬಲಗಳಲ್ಲಿ ಒಂದೊಂದು ಚಿಕ್ಕ ಚಕ್ರವಿತ್ತು. ಮಕ್ಕಳ ಸೈಕಲ್ಲಿಗೆ ಕಟ್ಟುತ್ತಾರಲ್ಲ, ಅಂಥದ್ದು. ಗಾಡಿ ವಾಲಿದರೆ ಆ ಚಿಕ್ಕ ಚಕ್ರ ನೆಲಕ್ಕೆ ಊರಿ ಹಿಡಿಯಬೇಕು. ಆ ವರ್ಷದ ನವೆಂಬರಿನಲ್ಲಿ ಡೈಮ್ಲರನ ಮಗ ಪೌಲ್ ಅದನ್ನೇರಿ ಉಂಟರ್‌ಟುರ್ಕ್‌ಹೈಮ್‌ಗೆ ಹೋಗಿಬಂದ. ದಾರಿಯಲ್ಲಿ ಅವನು ಬೀಳಲಿಲ್ಲ, ಆದರೆ ಕೂತಿದ್ದ ಜೀನಿಗೆ ಬೆಂಕಿ ಹತ್ತಿತು! ಎಂಜಿನ್ನು ಹೊತ್ತಿಸುವ ಕಾದ ನಳಿಕೆ ಜೀನಿನ ಅಡಿಯಲ್ಲೇ ಇತ್ತು. ಒಂದು ಅಪಾಯಕ್ಕೆ ಕಾವಲು ಹಾಕಿದರೆ ಇನ್ನೊಂದು ಅಪಾಯ ಬೇರೆ ಬಾಗಿಲಿನಿಂದ ಒಳಬರುತ್ತದೆಂಬುದಕ್ಕೆ ಈ ಗಾಡಿಯೇ ಮೊದಲ ಸಾಕ್ಷಿ.

ಮುಂದೆ ಬಂದ ಗಾಡಿಗಳಲ್ಲಿ ಈ ಪಕ್ಕದ ಚಕ್ರಗಳು ಉಳಿಯಲಿಲ್ಲ. ತಿರುವಿನಲ್ಲಿ ವಾಲದ ಎರಡು ಚಕ್ರದ ಗಾಡಿ ಓಡಲಾರದು. ಚಕ್ರ ಹೋಯಿತು, ಬೀಳುವುದು ಮಾತ್ರ ನಿಲ್ಲಲಿಲ್ಲ. ಗಾಡಿ ಪಕ್ಕಕ್ಕೆ ಉರುಳಿದಾಗ ಮೊದಲು ಅದರಡಿಗೆ ಸಿಗುವುದು ಸವಾರನ ಕಾಲು. ಎಂಜಿನ್ನು, ಗೇರು ಪೆಟ್ಟಿಗೆ, ಕಾದ ಸೈಲೆನ್ಸರು ಎಲ್ಲ ಇರುವುದು ಪಾದದ ಮಗ್ಗುಲಲ್ಲೇ. ಒಂದು ಕ್ವಿಂಟಲಿಗೂ ಮಿಕ್ಕ ಭಾರ ಪಾದದ ಮೇಲೆ ಬಿದ್ದು, ಮೇಲಿಂದ ಸೈಲೆನ್ಸರಿನ ಬರೆಯೂ ಬಿದ್ದರೆ ಆಗುವ ಅನುಭವವನ್ನು ಬಲ್ಲ ಓದುಗರು ಕೆಲವರಾದರೂ ಇದ್ದಾರು. ಆದ್ದರಿಂದ ಉರುಳಿದ ಗಾಡಿ ಪೂರ್ತಿ ಮಲಗದಂತೆ ಅಡ್ಡಲಾಗಿ ಒಂದು ಕಬ್ಬಿಣ ಚಾಚಿಸಿದರೆ ಕಾಲಿಗೆ ಒಂದು ಗೇಣಿನಷ್ಟು ಜಾಗ ಉಳಿಯುತ್ತದೆಂಬ ಯೋಚನೆ ಯಾವ ಕಮ್ಮಾರನಿಗಾದರೂ ಹೊಳೆಯತಕ್ಕದ್ದೇ.

ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿಯ ಗಾಡಿಯಲ್ಲಿ ಈ ಕಾವಲು ತಾನಾಗಿಯೇ ಒದಗಿತು. 1923ರಲ್ಲಿ ಮ್ಯಾಕ್ಸ್ ಫ್ರಿಟ್ಸ್ ರೂಪಿಸಿದ ಅವರ ಮೊದಲ ಮೋಟಾರು ಸೈಕಲ್ಲಿನಲ್ಲಿ ಎರಡು ಸಿಲಿಂಡರುಗಳು ಎಡಕ್ಕೊಂದು ಬಲಕ್ಕೊಂದು ಚಾಚಿಕೊಂಡಿದ್ದವು. ಗಾಳಿ ತಗುಲಿ ತಣ್ಣಗಾಗಲೆಂದು ಹಾಗೆ ಇಟ್ಟದ್ದು; ಗಾಡಿ ಬಿದ್ದಾಗ ಅವೇ ನೆಲಕ್ಕೆ ಊರಿ ಕಾಲನ್ನು ಉಳಿಸಿದವು. ಹಾಗೆ ಊರಿದಾಗ ಬೆಲೆಬಾಳುವ ಸಿಲಿಂಡರು ಒಡೆಯುತ್ತದೆಂದು ಆಮೇಲೆ ಜನ ಸಿಲಿಂಡರಿಗೇ ಒಂದು ಗಾರ್ಡ್ ಕಟ್ಟಿಸತೊಡಗಿದರು. ಕಾಲನ್ನು ಕಾಯುವುದಕ್ಕೆ ಸಿಲಿಂಡರು, ಸಿಲಿಂಡರನ್ನು ಕಾಯುವುದಕ್ಕೆ ಕೊಳವೆ!

ಅಮೆರಿಕದ ಹಾರ್ಲಿ-ಡೇವಿಡ್‌ಸನ್ ಕಂಪನಿ ತನ್ನ ಭಾರಿ ಗಾಡಿಗಳಿಗೆ ಇದನ್ನು ಪ್ರತ್ಯೇಕ ಬೆಲೆಯ ಸಾಮಾನಾಗಿ ಮಾರಿತು. ಅಲ್ಲಿನ ಪೊಲೀಸರು ದಿನವಿಡೀ ಗಾಡಿಯ ಮೇಲೇ ಇರುವವರು. ಅವರ ಗಾಡಿಗಳಲ್ಲಿ ಈ ಗಾರ್ಡು ಮಾಮೂಲಾಯಿತು. ಆ ಕಾಲದ ಬೆಲೆಪಟ್ಟಿಗಳಲ್ಲಿ ಅದರ ಹೆಸರು 'ಸೇಫ್ಟಿ ಗಾರ್ಡ್', ಎಂದರೆ ಸುರಕ್ಷತೆಯ ಕಾವಲು. ಈಗ ಅದೇ ಕಂಪನಿಯ ಅದೇ ಬಗೆಯ ಕೊಳವೆಯನ್ನು ಕೊಳ್ಳಲು ಹೋದರೆ ಅದರ ಹೆಸರು 'ಎಂಜಿನ್ ಗಾರ್ಡ್'. ನಿಂತಲ್ಲಿ ಬಿದ್ದಾಗಲೋ ತೀರ ನಿಧಾನವಾಗಿ ಜಾರಿದಾಗಲೋ ಇದು ಅಷ್ಟಿಷ್ಟು ನೆರವಾದೀತು, ಡಿಕ್ಕಿಯಲ್ಲಿ ಮೈಗೆ ಗಾಯವಾಗದಂತೆ ಕಾಯಲು ಮಾಡಿದ್ದಲ್ಲ ಎಂಬ ಎಚ್ಚರಿಕೆ ಬೇರೆ ಜೊತೆಗಿರುತ್ತದೆ. ಕೊಳವೆ ಕೊಳವೆಯಾಗಿಯೇ ಉಳಿದು ಹೆಸರು ಮಾತ್ರ ಮನುಷ್ಯನಿಂದ ಎಂಜಿನ್ನಿಗೆ ಸರಿದದ್ದು ಏಕೆ? ಇದನ್ನು ಹೇಳುವ ಮೊದಲು ನಮ್ಮ ಕಡೆಗೆ ಸ್ವಲ್ಪ ಬರಬೇಕು.

1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಆರಂಭವಾಗಿ, ಇಂಗ್ಲೆಂಡಿನಿಂದ ಬಂದ ಭಾಗಗಳನ್ನು ಜೋಡಿಸಿ ಬುಲೆಟ್ಟುಗಳನ್ನು ಹೊರತಂದಿತು. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಗಾಡಿ ತಯಾರಿಸತೊಡಗಿತು. ಚೆಕೊಸ್ಲೊವಾಕಿಯದ ಜಾವಾ ನಮ್ಮ ಊರಿನ ಗಾಡಿಯಾಗಿ, ಮುಂದೆ ಎಪ್ಪತ್ತರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ತಾಳಿ, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಮೈಸೂರಿನ ಬೀದಿಗಳಲ್ಲಿ ಅದರ ಹೊಗೆಯ ವಾಸನೆ ಸಂಪಿಗೆಯ ವಾಸನೆಯಷ್ಟೇ ಪರಿಚಿತವಾಗಿತ್ತು. ನನ್ನ ಸೋದರಮಾವನ ಹತ್ತಿರ ಒಂದು ಜಾವಾ ಇತ್ತು. ಮುಂದೆ ನಿಕಲ್ ಬಣ್ಣದ ಗಾರ್ಡು. ಅದರ ಎರಡು ಕಿವಿಗಳಿಗೂ ನೈಲಾನ್ ಹಗ್ಗವನ್ನು ಸುರುಳಿಸುರುಳಿಯಾಗಿ ಒತ್ತಾಗಿ ಸುತ್ತಿಸಿದ್ದರು. ಕೆಸರು ಮೇಲೆ ಸಿಡಿಯದಂತೆ ಹಳೆಯ ಟಯರಿನ ರಬ್ಬರನ್ನು ಕತ್ತರಿಸಿ ಗಾರ್ಡಿಗೆ ಕಟ್ಟಿದ್ದರು. ಸಂತೆಯಿಂದ ಬರುವಾಗ ಚೀಲವನ್ನೂ ಅದಕ್ಕೇ ನೇತುಹಾಕುತ್ತಿದ್ದರು. ಅಮೆರಿಕನ್ನರು ಈ ಕೊಳವೆಗೆ ಒಂದೇ ಉಪಯೋಗ ಕಂಡಿದ್ದರೆ ನಮ್ಮವರು ಹತ್ತು ಕಂಡರು.

ಒಮ್ಮೆ ಹುಣಸೂರಿನ ರಸ್ತೆಯಲ್ಲಿ ಮಾವ ಬಿದ್ದರು. ಹುರುಳಿಯ ಒಕ್ಕಣೆಯ ಕಾಲ. ರೈತರು ಹುರುಳಿ ಬಳ್ಳಿಯನ್ನು ರಸ್ತೆಯ ಮೇಲೆ ಹರಡಿ, ಹೋಗಿಬರುವ ಬಸ್ಸು ಲಾರಿಗಳಿಂದಲೇ ಒಕ್ಕಣೆ ಮಾಡಿಸಿಕೊಳ್ಳುವುದನ್ನು ಓದುಗರು ನೋಡಿಯೇ ಇದ್ದಾರೆ. ಅದರ ಮೇಲೆ ಎರಡು ಚಕ್ರ ಹೋಗುವುದೂ ಎಣ್ಣೆ ಸುರಿದ ಜಗಲಿಯ ಮೇಲೆ ಓಡುವುದೂ ಒಂದೇ. ಜಾವಾ ಮೆಲ್ಲಗೆ ಜಾರಿ ಎಡಮಗ್ಗುಲಿಗೆ ಮಲಗಿತು. ಗಾರ್ಡು ನೆಲಕ್ಕೆ ತಾಗಿ ಗಾಡಿ ಅರ್ಧಕ್ಕೇ ನಿಂತಿತು. ಮಾವ ಕಾಲನ್ನು ಎಳೆದುಕೊಂಡು ಎದ್ದು ಪಂಚೆಯ ಧೂಳು ಕೊಡವಿ, ಬಾಗಿದ ಕಿವಿಯನ್ನು ಪಕ್ಕದ ಹಳ್ಳಿಯ ಕುಲುಮೆಯಲ್ಲಿ ಆಣೆಗಳ ಖರ್ಚಿನಲ್ಲಿ ನೆಟ್ಟಗೆ ಮಾಡಿಸಿಕೊಂಡು ಮನೆಗೆ ಬಂದರು. ಅಂದು ರಾತ್ರಿ ಊಟಕ್ಕೆ ಕೂತಾಗ, "ಆ ಕಬ್ಬಿಣ ಇಲ್ಲದಿದ್ದರೆ ನಾಳೆಯಿಂದ ನೀವೇ ನನ್ನನ್ನು ಎತ್ತಿಕೊಂಡು ಓಡಾಡಬೇಕಿತ್ತು" ಎಂದರು. ನನಗಾಗ ಹತ್ತು ಹನ್ನೊಂದು ವರ್ಷ. ಆ ಮಾತನ್ನು ನಾನು ವೇದವಾಕ್ಯದಂತೆ ನಂಬಿದೆ.

ನಂಬಿದ್ದರಿಂದಲೇ ಮುಂದಿನ ಪ್ರಸಂಗ ನಡೆದದ್ದು. 1986ರಲ್ಲಿ ನನ್ನೊಬ್ಬ ಗೆಳೆಯ ಬೆಂಗಳೂರಿನಲ್ಲಿ ಹಳೆಯ ಬುಲೆಟ್ ಕೊಂಡ. ಅವನಿಗೆ ಗಾರ್ಡ್ ಇಷ್ಟವಿರಲಿಲ್ಲ. ಗಾಡಿಯ ಚೆಲುವೆಲ್ಲ ಕೆಡುತ್ತದೆ ಎನ್ನುತ್ತಿದ್ದ. ನಾನೇ ಮಾವನ ಕಥೆ ಹೇಳಿ, ಒತ್ತಾಯ ಮಾಡಿ, ಅಂಗಡಿಗೆ ಕರೆದೊಯ್ದು, ಸಿಕ್ಕಿದ್ದರಲ್ಲಿ ದಪ್ಪದಾದದ್ದನ್ನು ಆರಿಸಿ ಹಾಕಿಸಿದೆ. ನಾಲ್ಕು ತಿಂಗಳ ಮೇಲೆ ಒಂದು ಅಡ್ಡರಸ್ತೆಯಲ್ಲಿ ಎಡಗಡೆಯಿಂದ ಬಂದ ಕಾರೊಂದು ಅವನಿಗೆ ಗುದ್ದಿತು. ಕಾರಿನ ಬಂಪರು ನೇರವಾಗಿ ಗಾರ್ಡಿಗೇ ತಾಗಿತು. ಕೊಳವೆ ಮುರಿಯಲಿಲ್ಲ, ಹಿಂದಕ್ಕೆ ಮಡಿಸಿಕೊಂಡು ಅವನ ಮೊಳಕಾಲ ಕೆಳಗಿನ ಎಲುಬನ್ನು ಎಂಜಿನ್ನಿಗೆ ಒತ್ತಿಹಿಡಿಯಿತು. ಕಾಲನ್ನು ಬಿಡಿಸಬೇಕಾದರೆ ನಾಲ್ಕು ಜನ ಸೇರಿ ಕಬ್ಬಿಣದ ಸಲಾಕೆ ಹಾಕಿ ಗಾರ್ಡನ್ನು ಎಬ್ಬಬೇಕಾಯಿತು. ಅವನು ಏಳು ತಿಂಗಳು ಮಂಚ ಹಿಡಿದ. ಈಗಲೂ ಮೆಟ್ಟಿಲಿಳಿಯುವಾಗ ಎಡಗಾಲನ್ನು ಪಕ್ಕಕ್ಕೆ ಹಾಕಿ ಇಳಿಯುತ್ತಾನೆ. ಆಸ್ಪತ್ರೆಯಲ್ಲಿ ನನ್ನ ಮುಖ ನೋಡಿ ಅವನೇ ನನಗೆ ಸಮಾಧಾನ ಹೇಳಿದ: "ಗಾರ್ಡ್ ಇಲ್ಲದಿದ್ದರೆ ಕಾಲೇ ಹೋಗುತ್ತಿತ್ತೋ ಏನೋ, ಬಿಡು." ಹೋಗುತ್ತಿತ್ತೋ, ಅಥವಾ ಬರಿಯ ತರಚು ಗಾಯವಾಗುತ್ತಿತ್ತೋ? ಒಂದೇ ಅಪಘಾತವನ್ನು ಗಾರ್ಡ್ ಸಹಿತ ಒಮ್ಮೆ, ಗಾರ್ಡ್ ರಹಿತ ಒಮ್ಮೆ ನಡೆಸಿ ನೋಡಲು ಬರುವುದಿಲ್ಲ.

ಅಂದಿನಿಂದ ಈ ಕೊಳವೆಯ ವಿಚಾರವಾಗಿ ಸಿಕ್ಕಿದ್ದನ್ನೆಲ್ಲ ಓದುವ ಚಟ ನನಗೆ ಅಂಟಿಕೊಂಡಿತು. ಹಾಗೆ ಓದುವಾಗ ನನ್ನನ್ನು ಮೊದಲು ತಡೆದು ನಿಲ್ಲಿಸಿದ್ದು ಕಾಲಿನ ಕಥೆಯಲ್ಲ, ತಲೆಯದು. 1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದ ಹಳ್ಳಿರಸ್ತೆಯಲ್ಲಿ ಇಬ್ಬರು ಸೈಕಲ್ ಹುಡುಗರನ್ನು ತಪ್ಪಿಸಲು ಹೋಗಿ ಒಬ್ಬ ಸವಾರ ತನ್ನ ಬ್ರೌ ಸುಪೀರಿಯರ್ ಗಾಡಿಯಿಂದ ಮುಂದಕ್ಕೆ ಹಾರಿಬಿದ್ದ. ಆರು ದಿನ ಎಚ್ಚರವಿಲ್ಲದೆ ಮಲಗಿ ತೀರಿಕೊಂಡ. ಆತನೇ ಅರೇಬಿಯದ ಲಾರೆನ್ಸ್ ಎಂದು ಹೆಸರಾದ ಟಿ. ಇ. ಲಾರೆನ್ಸ್. ಗಾಡಿಗೆ ಹೇಳಿಕೊಳ್ಳುವಂಥ ಪೆಟ್ಟೇನೂ ಆಗಲಿಲ್ಲ. ಅದನ್ನು ರಿಪೇರಿ ಮಾಡಿದರು, ಇಂದಿಗೂ ಅದು ಉಳಿದಿದೆ. ಲಾರೆನ್ಸನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರವೈದ್ಯ ಒಬ್ಬ. ಆತ ಆ ಸಾವನ್ನು ಮರೆಯಲಿಲ್ಲ. ಮಹಾಯುದ್ಧದಲ್ಲಿ ಸೈನ್ಯದ ಸಂದೇಶ ಒಯ್ಯುವ ಸವಾರರ ತಲೆಯ ಗಾಯಗಳನ್ನು ಒಂದೊಂದಾಗಿ ಪರೀಕ್ಷಿಸಿ 1941ರಲ್ಲಿ ಬರೆದ ಲೇಖನದಲ್ಲಿ, ಯುದ್ಧ ತೊಡಗಿದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 2,279 ಮಂದಿ ಮೋಟಾರು ಸೈಕಲ್ ಸವಾರರೂ ಹಿಂಬದಿಯವರೂ ಸತ್ತ ಲೆಕ್ಕ ಕೊಟ್ಟು, ಹೆಲ್ಮೆಟ್ಟಿನ ಅಗತ್ಯವನ್ನು ತೋರಿಸಿದ. ಆ ವರ್ಷವೇ ಬ್ರಿಟಿಷ್ ಸೈನ್ಯ ಅದನ್ನು ತನ್ನ ಸವಾರರಿಗೆ ಕಡ್ಡಾಯ ಮಾಡಿತು. ನಾಗರಿಕರಿಗೆ ಅದು ಕಡ್ಡಾಯವಾಗಲು 1973 ಬರಬೇಕಾಯಿತು. ಜನ ತಲೆಯ ವಿಷಯದಲ್ಲಿ ಅಷ್ಟು ಉದಾಸೀನರು.

ಇದರಿಂದ ನನಗೆ ಹೊಳೆದದ್ದಿಷ್ಟು. ತಲೆಗೆ ಒಬ್ಬ ವೈದ್ಯ ಸಿಕ್ಕಿದ. ಗಾಯಗಳನ್ನು ಎಣಿಸಿ, ಟೊಪ್ಪಿಗೆ ಇದ್ದವರನ್ನೂ ಇಲ್ಲದವರನ್ನೂ ಹೋಲಿಸಿ, ಆಮೇಲೆ ಮಾತನಾಡುವ ಪದ್ಧತಿ ಅಲ್ಲಿ ಮೊದಲಾಯಿತು. ಕಾಲಿಗೆ ಸಿಕ್ಕಿದವರು ಕೊಳವೆ ಬಾಗಿಸುವವರು ಮಾತ್ರ. ನೋಡುವುದಕ್ಕೆ ಗಟ್ಟಿಯಾಗಿದೆ, ಆದ್ದರಿಂದ ಕಾಯುತ್ತದೆ ಎಂಬುದೇ ಅದರ ಶಾಸ್ತ್ರ. ನಾನು ಗೆಳೆಯನಿಗೆ ಆರಿಸಿಕೊಟ್ಟದ್ದೂ ಈ ಶಾಸ್ತ್ರದ ಪ್ರಕಾರವೇ.

ಕಾಲಿನ ಲೆಕ್ಕವನ್ನು ಎಣಿಸಿದವನು ಅಮೆರಿಕದ ಹ್ಯಾರಿ ಹರ್ಟ್. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಈ ಅಧ್ಯಾಪಕ ತನ್ನ ತಂಡದೊಡನೆ 1976-77ರಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತ ನಡೆದ 900 ಮೋಟಾರು ಸೈಕಲ್ ಅಪಘಾತಗಳ ಸ್ಥಳಕ್ಕೇ ಹೋಗಿ ಪರೀಕ್ಷಿಸಿದ. ಜೊತೆಗೆ 3,600 ಪೊಲೀಸ್ ವರದಿಗಳನ್ನು ಓದಿದ. 1981ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಹಲವು ಸಂಗತಿಗಳಿವೆ. ನಾಲ್ಕರಲ್ಲಿ ಮೂರು ಪಾಲು ಅಪಘಾತಗಳು ಇನ್ನೊಂದು ವಾಹನಕ್ಕೆ, ಸಾಮಾನ್ಯವಾಗಿ ಕಾರಿಗೆ, ಡಿಕ್ಕಿಯಾದವು. ಡಿಕ್ಕಿಯ ಹೊತ್ತಿನ ವೇಗ ನಾವು ಊಹಿಸುವಷ್ಟು ಹೆಚ್ಚಲ್ಲ. ಅಪಘಾತಗಳನ್ನು ವೇಗದ ಕ್ರಮದಲ್ಲಿ ಸಾಲಾಗಿ ಇಟ್ಟರೆ ನಟ್ಟನಡುವೆ ಬರುವುದು ಗಂಟೆಗೆ 21.5 ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 35 ಕಿಲೋಮೀಟರು. ತಲೆ ಕುತ್ತಿಗೆ ಬಿಟ್ಟು ಉಳಿದ ಮೈಯ ಗಾಯಗಳಲ್ಲಿ ಸರಿಸುಮಾರು ಅರ್ಧ ಕಾಲಿನವು. ಇಷ್ಟರವರೆಗೂ ಗಾರ್ಡಿನ ಪರವಾಗಿಯೇ ಸಾಕ್ಷಿ ಬಂದಂತಿದೆ. ಆದರೆ ಗಾರ್ಡ್ ಇದ್ದ ಗಾಡಿಗಳನ್ನೂ ಇಲ್ಲದ ಗಾಡಿಗಳನ್ನೂ ಹೋಲಿಸಿದಾಗ ಕಂಡದ್ದು ಬೇರೆ. ಗಾರ್ಡಿನಿಂದ ಪಾದ ಮತ್ತು ಹರಡಿನ ಗಾಯಗಳೇನೋ ಕಡಮೆಯಾಗುತ್ತವೆ. ಆದರೆ ತೊಡೆ, ಮಂಡಿ, ಕೆಳಗಾಲುಗಳ ಗಾಯ ಅಷ್ಟೇ ಹೆಚ್ಚಾಗಿ ಲಾಭನಷ್ಟ ಸರಿಹೋಗುತ್ತದೆ.

ಆ ವಾಕ್ಯವನ್ನು ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಗೆಳೆಯನ ಎಡಗಾಲು. ಅವನ ಪಾದಕ್ಕೆ ನಿಜವಾಗಿಯೂ ಏನೂ ಆಗಿರಲಿಲ್ಲ. ಬೂಟು ಹಾಗೇ ಇತ್ತು.

ಇದು ಹೀಗೇಕೆಂದು ಯೋಚಿಸಿದರೆ ಕಷ್ಟವೇನಿಲ್ಲ. ಪಕ್ಕಕ್ಕೆ ಉರುಳುವ ಗಾಡಿಯಲ್ಲಿ ಕಾಲು ಗಾರ್ಡಿನ ಹಿಂದಿನ ಟೊಳ್ಳಿನಲ್ಲಿ ಸುರಕ್ಷಿತವಾಗಿರುತ್ತದೆ. ಎದುರಿನಿಂದಲೋ ಓರೆಯಾಗಿಯೋ ಕಾರು ಬಡಿದರೆ ಗಾಡಿ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ. ಅವನ ಮೈ ಮುಂದಕ್ಕೆ ಹೋಗುವಾಗ ಮಂಡಿಗೂ ತೊಡೆಗೂ ಅಡ್ಡ ಸಿಗುವುದು ಇದೇ ಕೊಳವೆ. ಅಥವಾ ಕೊಳವೆಯೇ ಹಿಂದಕ್ಕೆ ಮಡಿಸಿ ಕಾಲನ್ನು ಇಕ್ಕಳದಂತೆ ಹಿಡಿಯುತ್ತದೆ. ಬೀಳುವುದೂ ಗುದ್ದುವುದೂ ಎರಡು ಬೇರೆ ಬೇರೆ ಘಟನೆಗಳು. ಮಾವನದು ಮೊದಲನೆಯದು, ಗೆಳೆಯನದು ಎರಡನೆಯದು. ಒಂದರ ಅನುಭವದಿಂದ ಇನ್ನೊಂದಕ್ಕೆ ಔಷಧ ಕೊಟ್ಟವನು ನಾನು.

ಆದರೂ ವಿವಾದ ಅಲ್ಲಿಗೆ ಮುಗಿಯಲಿಲ್ಲ. ಅಮೆರಿಕದ ಕೊಲರಾಡೋ ರಾಜ್ಯದಲ್ಲಿ 1978ರಲ್ಲಿ ಹೊಸ ಹೋಂಡಾ ಕೊಂಡ ಒಬ್ಬ ಸವಾರ ಅದೇ ವರ್ಷ ಅಡ್ಡರಸ್ತೆಯಲ್ಲಿ ಕಾರಿಗೆ ಡಿಕ್ಕಿಯಾಗಿ ಕಾಲಿಗೆ ಭಾರಿ ಗಾಯ ಮಾಡಿಕೊಂಡ. ಕಾಲು ಕಾಯುವ ಗಾರ್ಡ್ ಇಲ್ಲದೆ ಗಾಡಿ ಮಾರಿದ್ದೇ ಕಂಪನಿಯ ತಪ್ಪೆಂದು ದಾವೆ ಹೂಡಿದ. ಅವನ ಪರವಾಗಿ ಇಬ್ಬರು ಎಂಜಿನಿಯರುಗಳು, ಅಂಥ ಗಾರ್ಡನ್ನು ಆಗಲೇ ಮಾಡಲು ಸಾಧ್ಯವಿತ್ತೆಂದು ನುಡಿದರು. ಮೋಟಾರು ಸೈಕಲ್ಲು ಅಪಾಯಕರವೆಂಬುದು ಲೋಕಕ್ಕೆಲ್ಲ ಗೊತ್ತು, ಗೊತ್ತಿದ್ದೇ ಕೊಂಡಿದ್ದೀ ಎಂಬ ಧಾಟಿಯಲ್ಲಿ ಕೆಳಗಿನ ನ್ಯಾಯಾಲಯಗಳು ದಾವೆಯನ್ನು ತಳ್ಳಿಹಾಕಿದವು. 1987ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಅಪಾಯ ಗೊತ್ತಿತ್ತು ಎಂಬುದೇ ಉತ್ತರವಾಗದು. ಸಾಧ್ಯವಾದ ಖರ್ಚಿನಲ್ಲಿ, ಗಾಡಿಯ ಉಪಯುಕ್ತತೆ ಕೆಡದಂತೆ, ಆ ಅಪಾಯವನ್ನು ತಗ್ಗಿಸಬಹುದಿತ್ತೇ ಎಂಬುದನ್ನು ವಿಚಾರಣೆಯಲ್ಲಿ ತೂಗಿನೋಡಬೇಕು ಎಂದು ಹೇಳಿ ಮೊಕದ್ದಮೆಯನ್ನು ಹಿಂದಕ್ಕೆ ಕಳುಹಿಸಿತು. ತಯಾರಕರ ಸಂಕಟ ಊಹಿಸಬಹುದು. ಗಾರ್ಡ್ ಹಾಕದಿದ್ದರೆ ಏಕೆ ಹಾಕಲಿಲ್ಲವೆಂದು ಕೇಳುತ್ತಾರೆ. 'ಸುರಕ್ಷತೆಯ ಕಾವಲು' ಎಂದು ಹೆಸರಿಟ್ಟು ಹಾಕಿದರೆ ಏಕೆ ಕಾಯಲಿಲ್ಲವೆಂದು ಕೇಳುತ್ತಾರೆ. ಇಂಥ ಸ್ಥಿತಿಯಲ್ಲಿ ಎಂಜಿನ್ ಗಾರ್ಡ್ ಎಂಬ ಹೆಸರು ಬಹಳ ಅನುಕೂಲದ್ದು. ಎಂಜಿನ್ನು ಕೋರ್ಟಿಗೆ ಹೋಗುವುದಿಲ್ಲ.

ಸುಮಾರು ಅದೇ ವರ್ಷಗಳಲ್ಲಿ ಇಂಗ್ಲೆಂಡಿನ ಸರಕಾರಿ ರಸ್ತೆ ಸಂಶೋಧನಾಲಯದವರು ಬರಿಯ ಕೊಳವೆಯನ್ನು ಬಿಟ್ಟು ಬೇರೆ ದಾರಿ ಹಿಡಿದರು. ಮಂಡಿಯ ಮುಂದೆ ಗಟ್ಟಿ ಹೊದಿಕೆ, ಅದರೊಳಗೆ ಗುದ್ದಿದಾಗ ಕುಗ್ಗಿ ಪೆಟ್ಟನ್ನು ನುಂಗುವ ಮೆತ್ತನೆಯ ಪದಾರ್ಥ. ಗಾಡಿಯನ್ನು ಕಾರಿನಿಂದ ಓರೆಗೆ ಜಾರಿಸುವಂಥ ಆಕಾರ. ಇದನ್ನು ಕಾನೂನಾಗಿ ಮಾಡುವ ಮಾತೂ ಎಂಬತ್ತರ ದಶಕದಲ್ಲಿ ನಡೆಯಿತು. ತಯಾರಕರು ತಾವೂ ಗೊಂಬೆಗಳನ್ನು ಕೂರಿಸಿ ಗುದ್ದಿಸಿ ನೋಡಿ, ಕಾಲು ಉಳಿದರೂ ಮೈ ಹಾರುವ ದಾರಿ ಬದಲಾಗಿ ತಲೆಗೆ ಪೆಟ್ಟು ಹೆಚ್ಚುತ್ತದೆ ಎಂದರು. ಇವರ ಗೊಂಬೆ ಒಂದು ಹೇಳಿದರೆ ಅವರ ಗೊಂಬೆ ಇನ್ನೊಂದು! ಪರೀಕ್ಷೆ ಮಾಡುವ ಕ್ರಮವೇ ಎಲ್ಲರಿಗೂ ಒಂದೇ ಆಗಿರಲೆಂದು 1996ರಲ್ಲಿ ಅಂತರರಾಷ್ಟ್ರೀಯ ಮಾನಕವೊಂದು ಬಂತು. ಕಾನೂನು ಬರಲಿಲ್ಲ. ಬಜಾರಿನಲ್ಲಿ ಕೊಳವೆಯೇ ಉಳಿಯಿತು.

ನಮ್ಮ ಕಾನೂನು ಈ ವಿಷಯದಲ್ಲಿ ಗಮನವಿಟ್ಟದ್ದು ಮುಂದಿನ ಸವಾರನ ಕಾಲಿಗಿಂತ ಹಿಂದೆ ಕೂತವರ ಸೀರೆಗೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು, ಹಿಂಬದಿಯವರಿಗೆ ಹಿಡಿ ಮತ್ತು ಕಾಲೂರುವ ಜಾಗಗಳಲ್ಲದೆ, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕೆ ಕಡಮೆಯಿಲ್ಲದಷ್ಟು ಭಾಗವನ್ನು ಮುಚ್ಚುವ ರಕ್ಷಣೆ ಇರಬೇಕೆನ್ನುತ್ತದೆ. ನಾವು ಸೀರೆ ಗಾರ್ಡ್ ಎನ್ನುವುದು ಇದನ್ನೇ. ಚೆಲುವಿಲ್ಲವೆಂದು ಅದನ್ನು ಬಿಚ್ಚಿಸಿ, ಚೆಲುವಾಗಿದೆಯೆಂದು ಮುಂದಿನ ಗಾರ್ಡನ್ನು ಹಾಕಿಸುವ ಯುವಕರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಚಕ್ರಕ್ಕೆ ಸೆರಗು ಸಿಕ್ಕಿ ಬಿದ್ದವರನ್ನು ನೋಡಿದವನು ನಾನು. ಇನ್ನು 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದ ಪತ್ರದ ಮಾತು. ವಾಹನಗಳ ಮುಂದೆ ಕಟ್ಟುವ ಬುಲ್ ಬಾರುಗಳು 1988ರ ಕಾಯಿದೆಯ 52ನೆಯ ಕಲಮಿಗೆ ವಿರುದ್ಧವೆಂದು ಅದರಲ್ಲಿ ಹೇಳಿದೆ. ಅದರ ಗುರಿ ಮುಖ್ಯವಾಗಿ ಕಾರು ಜೀಪುಗಳು. ಪಾದಚಾರಿಗೆ ಬಡಿದರೆ ಆ ಕಬ್ಬಿಣ ಉಳಿಸದು. ಆದರೂ ಗಾಡಿಯ ಸ್ವರೂಪವನ್ನು ಬದಲಾಯಿಸಬಾರದೆಂಬ ಆ ಕಲಮು ಎಲ್ಲ ವಾಹನಗಳಿಗೂ ಇರುವುದರಿಂದ, ತಯಾರಕರೇ ತಮ್ಮ ಗಾಡಿಗೆಂದು ಮಾಡಿ ಮಾರುವ ಗಾರ್ಡನ್ನು ಕೊಳ್ಳುವುದು ನೆಮ್ಮದಿಯ ದಾರಿ.

ಇಷ್ಟನ್ನೆಲ್ಲ ತಲೆಯಲ್ಲಿ ಹೊತ್ತುಕೊಂಡು ನಾನು ಹುಡುಗನ ಜೊತೆ ಹೋದೆ. ದಾರಿಯಲ್ಲಿ ಮಾವನ ಕಥೆಯನ್ನೂ ಹೇಳಿದೆ, ಗೆಳೆಯನ ಕಥೆಯನ್ನೂ ಹೇಳಿದೆ. "ಹಾಗಾದರೆ ಬೇಡವೇ ಅಂಕಲ್?" ಎಂದ. ಬೇಡವೆನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ. ಹರ್ಟ್ ಎಣಿಸಿದ್ದು ಲಾಸ್ ಏಂಜಲೀಸಿನ ರಸ್ತೆಗಳಲ್ಲಿ ನಡೆದ ಡಿಕ್ಕಿಗಳನ್ನು. ನಮ್ಮ ಹುಡುಗರು ಬೀಳುವುದು ಹೆಚ್ಚಾಗಿ ಮಳೆನೀರು ತುಂಬಿದ ಗುಂಡಿಯಲ್ಲಿ, ಮರಳು ಚೆಲ್ಲಿದ ತಿರುವಿನಲ್ಲಿ, ಸಿಗ್ನಲ್ಲಿನಲ್ಲಿ ನಿಂತಿರುವಾಗ ಹಿಂದಿನ ಆಟೋ ಮುಟ್ಟಿದ್ದರಿಂದ. ಅಂಥ ಬೀಳಿನ ಲೆಕ್ಕವನ್ನು ಪೊಲೀಸರೂ ಬರೆದುಕೊಳ್ಳುವುದಿಲ್ಲ, ಆಸ್ಪತ್ರೆಯವರೂ ಬರೆದುಕೊಳ್ಳುವುದಿಲ್ಲ. ಅಲ್ಲಿ ಮಾವನ ಕಬ್ಬಿಣ ಈಗಲೂ ಕೆಲಸಮಾಡುತ್ತದೆ. "ಹಾಕಿಸೋಣ. ಆದರೆ ಗಾಡಿ ಮಲಗದಿರಲಿ ಎಂದು ಹಾಕಿಸೋಣ. ಕಾರಿಗೆ ಇದು ಉತ್ತರವೆಂದು ನಂಬಬೇಡ" ಎಂದೆ. ಅವನು ಹೂಂಗುಟ್ಟಿದ. ಎಷ್ಟು ಕೇಳಿಸಿಕೊಂಡನೋ!

ಅಂಗಡಿಯಲ್ಲಿ ಮೊದಲು ತೋರಿಸಿದ್ದು ಮುಖ ಕಾಣುವಷ್ಟು ಹೊಳೆಯುವ ಒಂದು ಗಾರ್ಡು. ಕೈಯಲ್ಲಿ ಎತ್ತಿದರೆ ಪಾತ್ರೆಯಷ್ಟು ಹಗುರ. ಕೊಳವೆಯ ಗೋಡೆ ತೆಳು. ಎರಡನೆಯದು ಲಾರಿಯ ಬಂಪರಿನಂತಿತ್ತು. 1986ರ ನಾನಾಗಿದ್ದರೆ ಅದನ್ನೇ ಆರಿಸುತ್ತಿದ್ದೆ. ಅತಿ ಗಟ್ಟಿಯಾದ ಗಾರ್ಡು ತಾನು ಬಾಗದೆ, ಬಿದ್ದ ಪೆಟ್ಟನ್ನು ಪೂರ್ತಿಯಾಗಿ ಚೌಕಟ್ಟಿಗೆ ದಾಟಿಸುತ್ತದೆ. ಗಾರ್ಡ್ ಬಾಗಿದರೆ ಸಾವಿರ ರೂಪಾಯಿಯ ಮಾತು. ಚೌಕಟ್ಟು ಬಾಗಿದರೆ ಗಾಡಿಯೇ ಸೊಟ್ಟ. ಮೂರನೆಯದು ಹದವಾಗಿತ್ತು, ಕಂಪನಿಯದು, ಕಪ್ಪು ಬಣ್ಣದ್ದು.

ಮೆಕ್ಯಾನಿಕ್ಕು ನಡುವಯಸ್ಸಿನ ಮನುಷ್ಯ, ಮಾತು ಕಡಮೆ, ಕೆಲಸ ಚೊಕ್ಕ. ಎಂಜಿನ್ನಿನ ಅಡಿಗೆ ಮರದ ತುಂಡು ಕೊಟ್ಟು, ಎಂಜಿನ್ನನ್ನು ಚೌಕಟ್ಟಿಗೆ ಹಿಡಿದಿರುವ ಮುಂದಿನ ಬೋಲ್ಟುಗಳಲ್ಲಿ ಒಂದನ್ನು ಮಾತ್ರ ಬಿಚ್ಚಿದ. ಗಾರ್ಡಿನ ಪಟ್ಟಿಯ ದಪ್ಪ ಕೂಡುವುದರಿಂದ ಹಳೆಯ ಬೋಲ್ಟು ನಟ್ಟಿಗೆ ಸಾಲದೆ ಬರುತ್ತದೆ. ಗಾರ್ಡಿನ ಜೊತೆ ಬಂದ ಉದ್ದನೆಯ ಬೋಲ್ಟನ್ನು ಹಾಕಿದ. ಹಾರ್ಡ್‌ವೇರ್ ಅಂಗಡಿಯ ಸಾದಾ ಬೋಲ್ಟು ಹಾಕಿದರೆ ಎಂಜಿನ್ನಿನ ನಡುಕಕ್ಕೆ ತುಂಡಾಗುತ್ತದೆ ಸಾರ್, ಎಂದ. ಎಂಜಿನ್ನಿನ ಮುಂದೆ ಇಳಿದುಬರುವ ಚೌಕಟ್ಟಿನ ಕೊಳವೆಗೆ ಒಂದು ಪಟ್ಟಿ ರಬ್ಬರು ಸುತ್ತಿ ಅದರ ಮೇಲೆ ಯೂ ಕ್ಲಾಂಪು ಕೂರಿಸಿದ. ಬಣ್ಣ ಕ್ಲಾಂಪಿಗೆ ಉಜ್ಜಿಹೋಗಿ ತುಕ್ಕು ಹಿಡಿಯದಿರಲೆಂದು. ಯಾವ ನಟ್ಟನ್ನೂ ಮೊದಲೇ ಬಿಗಿಯಲಿಲ್ಲ. ಎಲ್ಲವನ್ನೂ ಬೆರಳಲ್ಲಿ ತಿರುಗಿಸಿ ಸಡಿಲವಾಗಿಟ್ಟು, ಎದುರಿಗೆ ಕುಕ್ಕುರುಗಾಲಲ್ಲಿ ಕೂತು, ಎರಡು ಕಿವಿಗಳೂ ಸಮವಾಗಿವೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದ. ಬಲಗಡೆಯ ತೂತು ಒಂದು ನೂಲಿನಷ್ಟು ಕೂಡಿಬರಲಿಲ್ಲ. ಇಂಥ ಕಡೆ ಸಲಾಕೆ ಹಾಕಿ ಎಳೆದು ಕೂಡಿಸುವವರೇ ಹೆಚ್ಚು. ಹಾಗೆ ಎಳೆದು ಕೂಡಿಸಿದ್ದು ಒಳಗೊಳಗೇ ಸೆಟೆದುಕೊಂಡಿದ್ದು ಕೆಲವು ತಿಂಗಳಲ್ಲಿ ಬೆಸುಗೆಯ ಹತ್ತಿರ ಬಿರುಕು ಬಿಡುತ್ತದೆ. ಈತ ಎಡಗಡೆಯದನ್ನು ಇನ್ನಷ್ಟು ಸಡಿಲಿಸಿ, ಒಂದು ವಾಷರ್ ಕೊಟ್ಟು, ಒತ್ತಾಯವಿಲ್ಲದೆ ಕೂಡಿಸಿದ. ಕೆಲವರು ಚೌಕಟ್ಟಿಗೇ ಬೆಸುಗೆ ಹಾಕಿಸುತ್ತಾರಲ್ಲ ಎಂದು ಕೇಳಿದೆ. "ಕಾಯಿಸಿದ ಪೈಪು ಪೈಪಲ್ಲ ಸಾರ್" ಎಂದಷ್ಟೇ ಹೇಳಿದ.

ಕೆಳಗಿನವನ್ನು ಮೊದಲು, ಮೇಲಿನದನ್ನು ಆಮೇಲೆ ಬಿಗಿದು, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿದ. ಮುಂದಿನ ಬ್ರೇಕು ಹಿಡಿದು ಗಾಡಿಯನ್ನು ಅದುಮಿ, ಮಡ್‌ಗಾರ್ಡು ಕೊಳವೆಗೆ ತಾಗುವುದಿಲ್ಲವೆಂದು ನೋಡಿದ. ಹುಡುಗನನ್ನು ಹತ್ತಿಸಿ, ಬೂಟಿನ ತುದಿ ಗೇರಿಗೂ ಬ್ರೇಕಿಗೂ ಸಲೀಸಾಗಿ ಹೋಗುತ್ತದೆಯೇ ಎಂದು ಕೇಳಿದ. ಹುಡುಗ ಹೋಗುತ್ತದೆಂದು ಹೇಳಿ, ಹೊಸ ಉತ್ಸಾಹದಲ್ಲಿ ಎರಡು ಕಾಲನ್ನೂ ಎತ್ತಿ ಗಾರ್ಡಿನ ಮೇಲಿಟ್ಟುಕೊಂಡು ಸುಖವಾಗಿ ಒರಗಿದ. ಹೆದ್ದಾರಿಯಲ್ಲಿ ಹೀಗೆ ಹೋಗುವವರನ್ನು ದಿನವೂ ಕಾಣಬಹುದು. ಕಾಲು ಅಲ್ಲಿದ್ದರೆ ಬ್ರೇಕು ಎಲ್ಲಿ? ಮೆಕ್ಯಾನಿಕ್ಕು ಏನೂ ಹೇಳದೆ ಅವನ ಬಲಗಾಲನ್ನು ಹಿಡಿದು, ಮಗುವಿನ ಕಾಲನ್ನು ಸರಿಸುವಂತೆ, ತಂದು ಬ್ರೇಕಿನ ಮೇಲೆ ಇಟ್ಟ.

ದುಡ್ಡು ಎಣಿಸಿಕೊಳ್ಳುತ್ತ, "ನೂರು ಕಿಲೋಮೀಟರು ಓಡಿದ ಮೇಲೆ ಒಮ್ಮೆ ಬನ್ನಿ, ನಟ್ಟು ಇನ್ನೊಂದು ಸುತ್ತು ಬಿಗಿಯಬೇಕು. ಅದಕ್ಕೆ ಕಾಸಿಲ್ಲ" ಎಂದ. ಮನೆಗೆ ಬಂದಾಗ ಹುಡುಗನ ತಾಯಿ ಹೊರಗೇ ನಿಂತಿದ್ದರು. ಗಾರ್ಡನ್ನು ಕೈಯಿಂದ ಹಿಡಿದು ಅಲ್ಲಾಡಿಸಿ ನೋಡಿ, ಅದಕ್ಕೂ ಒಂದು ಬೊಟ್ಟು ಕುಂಕುಮ ಇಟ್ಟರು.

ಇದಾಗಿ ಐದು ವಾರವಾಯಿತು. ನಿನ್ನೆ ಗಾಡಿಯ ಮೀಟರು ನೋಡಿದೆ, 640 ತೋರಿಸುತ್ತಿತ್ತು. ನಟ್ಟು ಬಿಗಿಸಲು ಹುಡುಗ ಇನ್ನೂ ಹೋಗಿಲ್ಲ. ನಾಳೆ ಭಾನುವಾರ, ಸ್ಪ್ಯಾನರು ತೆಗೆದುಕೊಂಡು ನಾನೇ ಅವರ ಮನೆಗೆ ಹೋಗಬೇಕೆಂದಿದ್ದೇನೆ.